ಹೊಸ ಈಜುಕೊಳಕ್ಕೆ ಉಪ್ಪು ಬೆರೆಸುವ ಕಾಲ ಮತ್ತು ಕ್ರಮ

ಹೊಸದಾಗಿ ಕಟ್ಟಿದ ಈಜುಕೊಳಕ್ಕೆ ನೀರು ತುಂಬಿದ ಮೇಲೆ ಉಪ್ಪನ್ನು ಎಂದು ಬೆರೆಸಬೇಕೆಂಬ ಪ್ರಶ್ನೆ ಮೇಲ್ನೋಟಕ್ಕೆ ತೀರ ಸಣ್ಣದು. ಕಟ್ಟಿಸಿದವರಿಗೆ ಅದು ಮೊದಲ ದಿನದ ಸಂಭ್ರಮದ ಒಂದು ಅಂಗ. ಕಟ್ಟಿದವರಿಗೆ ಕೆಲಸ ಮುಗಿದುದರ ಗುರುತು. ರಸಾಯನಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಸಿಮೆಂಟಿನ ಜಲಸಂಯೋಜನೆ, ಲವಣದ್ರಾವಣದ ಗುಣ, ವಿದ್ಯುದ್ವಿಭಜನೆ, ನೀರಿನ ಗಡಸುತನ ಎಂಬ ಬೇರೆ ಬೇರೆ ವಿಷಯಗಳು ಈ ಒಂದು ಪ್ರಶ್ನೆಯಲ್ಲಿ ಬಂದು ಕೂಡುತ್ತವೆ. ಇವುಗಳಲ್ಲಿ ಒಂದನ್ನು ಮರೆತರೂ ಕೊಳದ ಗೋಡೆಗೋ, ಯಂತ್ರಕ್ಕೋ, ಕೊನೆಗೆ ಈಜುವವರ ಆರೋಗ್ಯಕ್ಕೋ ಹಾನಿ ತಪ್ಪಿದ್ದಲ್ಲ. ಸಿಮೆಂಟಿನ ಗಿಲಾವು ಗಟ್ಟಿಯಾದಂತೆ ಕಂಡ ಮಾತ್ರಕ್ಕೆ ಪಕ್ವವಾಗಿರುವುದಿಲ್ಲ. ಅದಕ್ಕೆ ಸುಮಾರು ಒಂದು ತಿಂಗಳ ಅವಧಿಯನ್ನು ಕೊಡತಕ್ಕದ್ದು. ಆ ಒಂದು ತಿಂಗಳು ನೀರನ್ನು ಶುದ್ಧವಾಗಿಡುವ ಭಾರವನ್ನು ಬೇರೊಂದು ಸಾಧನಕ್ಕೆ ವಹಿಸತಕ್ಕದ್ದು. ಇದು ಏಕೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕಾಗಿದೆ. ಉಪ್ಪುನೀರಿನ ಕೊಳವೆಂದರೆ ಕ್ಲೋರಿನ್ ಇಲ್ಲದ ಕೊಳವೆಂದು ಅನೇಕರು ನಂಬಿದ್ದಾರೆ. ಮಾರಾಟಗಾರರ ಮಾತುಗಳೂ ಈ ನಂಬಿಕೆಯನ್ನು ಬೆಳೆಸುತ್ತಿವೆ. ಇದು ಸರಿಯಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು ೩೫ ಗ್ರಾಂ ಲವಣಗಳಿವೆ. ಮನುಷ್ಯನ ಕಣ್ಣೀರಿನಲ್ಲಿ ಸುಮಾರು ೯ ಗ್ರಾಂ. ಇಂತಹ ಕೊಳಗಳಲ್ಲಿ ಬೆರೆಸುವುದು ಸಾಮಾನ್ಯವಾಗಿ ಲೀಟರಿಗೆ ೩ರಿಂದ ೩.೫ ಗ್ರಾಂ ಮಾತ್ರ. ಕಣ್ಣೀರಿಗಿಂತಲೂ ಸಪ್ಪೆಯಾದ ಈ ನೀರಿನಲ್ಲಿ ಸೂಕ್ಷ್ಮಜೀವಿಗಳು ಯಾವ ತೊಂದರೆಯೂ ಇಲ್ಲದೆ ಬದುಕಬಲ್ಲವು. ಕೊಳದಲ್ಲಿ ಉಪ್ಪು ಕ್ರಿಮಿನಾಶಕವಲ್ಲ. ಕ್ರಿಮಿನಾಶಕವನ್ನು ತಯಾರಿಸುವ ಕಚ್ಚಾ ಸಾಮಗ್ರಿ. ಯಂತ್ರ ನಿಂತಿರುವ ಉಪ್ಪುನೀರಿನ ಕೊಳವೂ ಕ್ಲೋರಿನ್ ಹಾಕದೆ ಬಿಟ್ಟ ಸಾಮಾನ್ಯ ಕೊಳವೂ ಆರೋಗ್ಯದ ದೃಷ್ಟಿಯಿಂದ ಒಂದೇ.

ಯಂತ್ರದ ತತ್ತ್ವ ಹಳೆಯದು. ಷೀಲೆ ೧೭೭೪ರಲ್ಲಿ ಕ್ಲೋರಿನ್ ಅನಿಲವನ್ನು ಕಂಡುಹಿಡಿದನು. ಅದೊಂದು ಮೂಲಧಾತುವೆಂದು ಡೇವಿ ೧೮೧೦ರಲ್ಲಿ ಸ್ಥಾಪಿಸಿದನು. ಅದಕ್ಕೂ ಮುಂಚೆಯೇ, ೧೮೦೦ರಲ್ಲಿ, ವಿಲಿಯಂ ಕ್ರೂಕ್‌ಷ್ಯಾಂಕ್ ಉಪ್ಪುನೀರಿನ ಮೂಲಕ ವಿದ್ಯುತ್ತನ್ನು ಹಾಯಿಸಿ ಈ ಅನಿಲವನ್ನು ಪಡೆದಿದ್ದನು. ಧನಧ್ರುವದಲ್ಲಿ ಕ್ಲೋರೈಡ್ ಅಯಾನುಗಳು ಕ್ಲೋರಿನ್ ಆಗುತ್ತವೆ. ಋಣಧ್ರುವದಲ್ಲಿ ನೀರು ಒಡೆದು ಜಲಜನಕವೂ ಕ್ಷಾರವೂ ಹುಟ್ಟುತ್ತವೆ. ಕ್ಲೋರಿನ್ ಒಡನೆಯೇ ನೀರಿನೊಡನೆ ಸೇರಿ ಹೈಪೋಕ್ಲೋರಸ್ ಆಮ್ಲವಾಗುತ್ತದೆ. ಕ್ರಿಮಿಗಳನ್ನು ಕೊಲ್ಲುವುದು ಮುಖ್ಯವಾಗಿ ಇದೇ. ಕ್ಲೋರಿನ್ನಿನ ದಾಳಿಯನ್ನು ತಡೆಯಬಲ್ಲ ಧ್ರುವಗಳು ದೊರೆಯದಿದ್ದುದರಿಂದ ಈ ತತ್ತ್ವ ಮನೆಯಂಗಳದ ಕೊಳದವರೆಗೆ ಬರಲು ಬಹುಕಾಲ ಹಿಡಿಯಿತು. ೧೯೬೦ರ ದಶಕದಲ್ಲಿ ಹೆನ್ರಿ ಬೇರ್ ರೂಪಿಸಿದ, ಟೈಟೇನಿಯಂ ತಗಡಿಗೆ ರುಥೇನಿಯಂ ಆಕ್ಸೈಡಿನ ಲೇಪ ಕೊಟ್ಟ ಧನಧ್ರುವವು ಈ ಕೊರತೆಯನ್ನು ನೀಗಿತು. ಇಂದಿನ ಕೊಳದ ಯಂತ್ರಗಳಲ್ಲಿರುವುದು ಈ ಕುಟುಂಬದ ಧ್ರುವಗಳೇ. ಯಂತ್ರದ ಬೆಲೆಯ ದೊಡ್ಡ ಪಾಲು ಈ ತೆಳುವಾದ ಲೇಪದಲ್ಲಿದೆ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ವಿವರಣೆಯ ಅನುಕೂಲಕ್ಕಾಗಿ ೧೦ ಮೀಟರ್ ಉದ್ದ, ೫ ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಒಂದು ಕೊಳವನ್ನು ಊಹಿಸೋಣ. ಅದರಲ್ಲಿ ೭೫,೦೦೦ ಲೀಟರ್ ನೀರು ಹಿಡಿಯುತ್ತದೆ. ದಿನಕ್ಕೆ ಲೀಟರಿಗೆ ೩ ಮಿಲಿಗ್ರಾಂ ಕ್ಲೋರಿನ್ ಬೇಕೆಂದರೆ ಒಟ್ಟು ೨೨೫ ಗ್ರಾಂ ತಯಾರಾಗಬೇಕು. ಫ್ಯಾರಡೆಯ ನಿಯಮದ ಪ್ರಕಾರ ಒಂದು ಆಂಪಿಯರ್ ಪ್ರವಾಹ ಒಂದು ಗಂಟೆ ಹರಿದರೆ ೧.೩೨ ಗ್ರಾಂ ಕ್ಲೋರಿನ್ ಹುಟ್ಟಬಲ್ಲದು. ಆದ್ದರಿಂದ ಒಂದೇ ಜೊತೆ ಧ್ರುವಗಳಿದ್ದರೆ ೧೭೦ ಆಂಪಿಯರ್-ಗಂಟೆಗಳ ಪ್ರವಾಹ ಬೇಕು. ತಗಡುಗಳನ್ನು ಸಾಲಾಗಿ ಜೋಡಿಸಿ ಏಳು ಅಂತರಗಳನ್ನು ಮಾಡಿದರೆ, ದಿನಕ್ಕೆ ಎಂಟು ಗಂಟೆ ಮೂರು ಆಂಪಿಯರುಗಳಷ್ಟು ಪ್ರವಾಹ ಲೆಕ್ಕಕ್ಕೆ ಸಾಕಾಗುತ್ತದೆ. ಇಷ್ಟು ತೆಳುವಾದ ಉಪ್ಪುನೀರಿನಲ್ಲಿ ಪ್ರವಾಹದ ಒಂದು ಭಾಗ ಕ್ಲೋರಿನ್ನಿಗೆ ಬದಲಾಗಿ ಆಮ್ಲಜನಕವನ್ನು ಬಿಡಿಸುವುದರಲ್ಲಿ ವ್ಯಯವಾಗುವುದರಿಂದ ವ್ಯವಹಾರದಲ್ಲಿ ಹೆಚ್ಚು ಬೇಕಾಗುತ್ತದೆ. ಉಪ್ಪು ಕಡಿಮೆಯಾದಷ್ಟೂ ಈ ಭಾಗ ಹೆಚ್ಚುತ್ತದೆ; ಧ್ರುವದ ಲೇಪವೂ ಬೇಗ ಸವೆಯುತ್ತದೆ. ಲೀಟರಿಗೆ ೩.೨ ಗ್ರಾಂನಷ್ಟು ಉಪ್ಪು ಇರಬೇಕೆಂದು ತಯಾರಕರು ಒತ್ತಾಯಿಸುವುದು ಇದಕ್ಕಾಗಿಯೇ.

ಹಾಗಾದರೆ ಉಪ್ಪನ್ನು ಮೊದಲ ದಿನವೇ ಏಕೆ ಬೆರೆಸಬಾರದು? ಉತ್ತರ ಗೋಡೆಯಲ್ಲಿದೆ. ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ. ನೀರಿನೊಡನೆ ಸಂಯೋಗ ಹೊಂದುವುದರಿಂದ. ಅದರಲ್ಲಿರುವ ಕ್ಯಾಲ್ಸಿಯಂ ಸಿಲಿಕೇಟುಗಳು ನೀರನ್ನು ಹೀರಿ, ಬಲವನ್ನು ಕೊಡುವ ಜಲಸಿಲಿಕೇಟಾಗಿ ಮಾರ್ಪಡುವಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಹೊರಗೆಡಹುತ್ತವೆ. ಇದು ನಮ್ಮ ಅರಳಿದ ಸುಣ್ಣವೇ. ಪೂರ್ಣ ಪಕ್ವವಾದ ಸಿಮೆಂಟಿನ ಘನಭಾಗದಲ್ಲಿ ಐದನೆಯ ಒಂದರಿಂದ ನಾಲ್ಕನೆಯ ಒಂದರಷ್ಟು ಈ ಸುಣ್ಣವಿರುತ್ತದೆ. ಎಲೆ ಅಡಕೆ ಹಾಕುವವರ ಸುಣ್ಣದ ಕರಡಿಗೆಯನ್ನು ನೋಡಿದವರಿಗೆ ಮುಂದಿನ ಮಾತು ಸುಲಭವಾಗಿ ತಿಳಿದೀತು: ಸುಣ್ಣದ ಮೇಲೆ ನಿಂತ ತಿಳಿನೀರಿನ ಮೇಲ್ಮೈಯಲ್ಲಿ ಒಂದೆರಡು ದಿನಗಳಲ್ಲಿ ತೆಳುವಾದ ಬಿಳಿಯ ಪೊರೆ ಕಟ್ಟುತ್ತದೆ. ಗಾಳಿಯ ಇಂಗಾಲಾಮ್ಲ ವಾಯುವು ಸುಣ್ಣವನ್ನು ಸುಣ್ಣಕಲ್ಲಾಗಿ, ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟಾಗಿ ಮಾಡಿದುದರ ಫಲವದು. ಸುಣ್ಣ ಬಳಿದ ಗೋಡೆ ಕ್ರಮೇಣ ಕೈಗೆ ಹತ್ತದಂತಾಗುವುದೂ ಇದರಿಂದಲೇ. ಹೊಸ ಕೊಳದ ಗಿಲಾವಿನಲ್ಲಿಯೂ ಇದೇ ನಡೆಯುತ್ತದೆ. ಇಲ್ಲಿ ಇಂಗಾಲಾಮ್ಲವನ್ನು ಒದಗಿಸುವುದು ಗಾಳಿಯಲ್ಲ, ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟು. ಮೇಲ್ಮೈಯ ಸುಣ್ಣ ಕರಗಿ ನೀರಿಗೆ ಬರುತ್ತದೆ, ನೀರಿನ ಪಿ.ಎಚ್. ಏರುತ್ತದೆ, ಬಿಳಿಯ ಹುಡಿ ತಳದಲ್ಲಿ ಕೂಡುತ್ತದೆ. ಕೊಂಚ ಕೊಂಚವಾಗಿ ಮೇಲ್ಮೈಯ ರಂಧ್ರಗಳು ಕಾರ್ಬೊನೇಟಿನಿಂದ ಮುಚ್ಚಿಕೊಂಡು ಗೋಡೆ ತನ್ನ ಕವಚವನ್ನು ತಾನೇ ಹೊದೆಯುತ್ತದೆ.

ಈ ಕವಚ ಮೂಡುವ ಮೊದಲು ಉಪ್ಪು ಸುರಿದರೆ ಏನಾಗುತ್ತದೆಂಬುದನ್ನು ವಿಚಾರಿಸುವಾಗ ಸರಾಸರಿಯ ಲೆಕ್ಕ ನಮ್ಮನ್ನು ದಾರಿತಪ್ಪಿಸುತ್ತದೆ. ಲೀಟರಿಗೆ ೩.೨ ಗ್ರಾಂ ಉಪ್ಪಿನಿಂದ ಗಿಲಾವಿಗೆ ಮಹಾ ಹಾನಿ ಏನಾದೀತು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಸುರಿದ ಉಪ್ಪು ಆ ಕ್ಷಣವೇ ಕೊಳದ ತುಂಬ ಹರಡುವುದಿಲ್ಲ. ಅದು ತಳಕ್ಕಿಳಿದು ಅಲ್ಲಿಯೇ ಕರಗುತ್ತ ತನ್ನ ಸುತ್ತ ಪರ್ಯಾಪ್ತ ದ್ರಾವಣವನ್ನು ಮಾಡಿಕೊಳ್ಳುತ್ತದೆ. ಅಂತಹ ದ್ರಾವಣದ ಒಂದು ಲೀಟರಿನಲ್ಲಿ ೩೧೫ ಗ್ರಾಂಗಳಷ್ಟು ಉಪ್ಪಿರುತ್ತದೆ. ಎಂದರೆ ನಮ್ಮ ಗುರಿಯ ನೂರು ಪಟ್ಟು. ಅದು ನೀರಿಗಿಂತ ಸುಮಾರು ಐದನೆಯ ಒಂದು ಭಾಗ ಹೆಚ್ಚು ತೂಕವುಳ್ಳದ್ದಾದ್ದರಿಂದ ಇಳಿಜಾರಿನಲ್ಲಿ ಜಾರಿ ಆಳವಾದ ಕಡೆಯ ತಳದಲ್ಲಿ ಒಂದು ಪದರವಾಗಿ ಮಲಗುತ್ತದೆ. ಕಲಕದಿದ್ದರೆ ಬಹಳ ಹೊತ್ತು ಅಲ್ಲಿಯೇ ಇರುತ್ತದೆ. ಇನ್ನೂ ಹಸಿಯಾದ ಗಿಲಾವಿಗೆ ಈ ಪದರದ ಸಂಪರ್ಕ ಒಳ್ಳೆಯದಲ್ಲ. ಸೋಡಿಯಂ ಕ್ಲೋರೈಡಿನ ದ್ರಾವಣದಲ್ಲಿ ಸುಣ್ಣ ಬರಿಯ ನೀರಿಗಿಂತ ಹೆಚ್ಚು ಕರಗುತ್ತದೆ. ಪದರ ನಿಂತ ಕಡೆ ಒಂದು ಬಗೆಯಾಗಿಯೂ ಉಳಿದ ಕಡೆ ಇನ್ನೊಂದು ಬಗೆಯಾಗಿಯೂ ಗಿಲಾವು ಪಕ್ವವಾದರೆ ಬಣ್ಣದಲ್ಲಿ ಮಚ್ಚೆಗಳು ಮೂಡುತ್ತವೆ, ಮೇಲ್ಮೈ ಒರಟಾಗುತ್ತದೆ. ಇವನ್ನು ಮುಂದೆ ಯಾವ ಔಷಧದಿಂದಲೂ ಅಳಿಸಲಾಗದು.

ಇನ್ನೊಂದು ರೀತಿಯಿಂದಲೂ ಇದನ್ನು ನೋಡಬಹುದು. ಮೊದಲ ತಿಂಗಳು ಕೊಳದಲ್ಲಿ ನಿಂತಿರುವ ನೀರು ಈಜುವ ನೀರು ಮಾತ್ರವಲ್ಲ. ಗಿಲಾವಿಗೆ ಹದ ಕೊಡುವ ನೀರೂ ಹೌದು. ಹೊಸ ಗೋಡೆಗೆ ಗೋಣಿ ಹೊದಿಸಿ ದಿನವೂ ನೀರು ಎರಚುತ್ತೇವಲ್ಲವೆ? ಅದೇ ಕೆಲಸವನ್ನು ಇಲ್ಲಿ ಕೊಳದ ನೀರು ಮಾಡುತ್ತಿದೆ. ಕಾಂಕ್ರೀಟನ್ನು ಕಲಸುವ ಮತ್ತು ಹದಗೊಳಿಸುವ ನೀರಿನ ಗುಣವನ್ನು ಭಾರತೀಯ ಮಾನಕವಾದ ಐ.ಎಸ್. ೪೫೬ (೨೦೦೦) ನಿಗದಿಮಾಡಿದೆ: ಕಬ್ಬಿಣದ ಸರಳುಗಳುಳ್ಳ ಕಾಂಕ್ರೀಟಿಗೆ ಕ್ಲೋರೈಡು ಲೀಟರಿಗೆ ೫೦೦ ಮಿಲಿಗ್ರಾಂ ಮೀರಬಾರದು. ಲೀಟರಿಗೆ ೩.೨ ಗ್ರಾಂ ಉಪ್ಪಿರುವ ನೀರಿನಲ್ಲಿ ಕ್ಲೋರೈಡಿನ ಭಾಗವೇ ಸುಮಾರು ೧,೯೪೦ ಮಿಲಿಗ್ರಾಂ. ಸರಳುಗಳು ಗಿಲಾವಿನಲ್ಲಿಲ್ಲ, ಅದರ ಹಿಂದಿನ ಕಾಂಕ್ರೀಟಿನಲ್ಲಿವೆ ಎಂಬುದು ನಿಜ. ಆದ್ದರಿಂದ ಈ ಹೋಲಿಕೆಯನ್ನು ಅಕ್ಷರಶಃ ಎಳೆಯಬಾರದು. ಆದರೂ ಆ ಸರಳುಗಳಿಗೂ ಕ್ಲೋರೈಡಿಗೂ ನಡುವೆ ಇರುವ ಮೊದಲ ತಡೆಯೇ ಗಿಲಾವು. ಕ್ಲೋರೈಡ್ ಅಯಾನು ಸರಳನ್ನು ಮುಟ್ಟಿದರೆ, ಸಿಮೆಂಟಿನ ಕ್ಷಾರವು ಉಕ್ಕಿನ ಮೇಲೆ ಕಟ್ಟಿರುವ ರಕ್ಷಕ ಪೊರೆ ಒಡೆದು ತುಕ್ಕು ಆರಂಭವಾಗುತ್ತದೆ. ತಡೆ ಬಲಿಯುವವರೆಗೆ ಕಾಯುವುದು ಜಾಣತನ. ಇದೇ ಕಾರಣದಿಂದ, ಉಪ್ಪು ಬೆರೆಸಿದ ಮೇಲೆ ದಂಡೆಯ ಉಳಿದ ಕೆಲಸಕ್ಕೆ ಗಾರೆ ಕಲಸಲು ಕೊಳದ ನೀರನ್ನೇ ಮೊಗೆಯುವ ಅಭ್ಯಾಸವನ್ನು ಕಟ್ಟುನಿಟ್ಟಾಗಿ ತಡೆಯಬೇಕು.

ಯಂತ್ರಕ್ಕೂ ಕಾಯುವುದರಿಂದ ಲಾಭವಿದೆ. ಋಣಧ್ರುವದ ಹತ್ತಿರ ಕ್ಷಾರ ಹುಟ್ಟುವುದೆಂದು ಮೇಲೆ ಹೇಳಿದೆ. ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಾಗಿದ್ದರೆ ಅಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟು ಒತ್ತರವಾಗಿ ತಗಡಿನ ಮೇಲೆ ಕರೆಗಟ್ಟುತ್ತದೆ. ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಕರೆಯೇ ಇದು. ಹೊಸ ಕೊಳದ ಮೊದಲ ವಾರಗಳಲ್ಲಿ ಪಿ.ಎಚ್. ಮತ್ತು ಸುಣ್ಣದ ಅಂಶಗಳೆರಡೂ ಏರುಮುಖವಾಗಿರುವುದರಿಂದ ಕರೆಗೆ ಇದಕ್ಕಿಂತ ಅನುಕೂಲವಾದ ಕಾಲ ಬೇರೊಂದಿಲ್ಲ. ಧ್ರುವಗಳನ್ನು ಆಗಾಗ್ಗೆ ಅದಲುಬದಲು ಮಾಡಿ ಕರೆಯನ್ನು ಉದುರಿಸುವ ಏರ್ಪಾಡು ಅನೇಕ ಯಂತ್ರಗಳಲ್ಲಿ ಉಂಟು; ಆದರೆ ಪ್ರತಿಯೊಂದು ಅದಲುಬದಲಿಯೂ ಆ ಬೆಲೆಬಾಳುವ ಲೇಪವನ್ನು ಸ್ವಲ್ಪ ಸವೆಸುತ್ತದೆ. ನೀರು ಸುಣ್ಣವನ್ನು ಕಕ್ಕುವುದೋ ಕರಗಿಸುವುದೋ ಎಂಬುದನ್ನು ಮುಂದಾಗಿ ತಿಳಿಯಲು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಲ್ಯಾಂಜಲಿಯರ್ ೧೯೩೬ರಲ್ಲಿ ಒಂದು ಸೂಚ್ಯಂಕವನ್ನು ಕೊಟ್ಟನು. ಪಿ.ಎಚ್., ಉಷ್ಣತೆ, ಕ್ಯಾಲ್ಸಿಯಂ, ಕ್ಷಾರತೆ, ಕರಗಿದ ಲವಣಗಳ ಮೊತ್ತ ಎಂಬ ಐದನ್ನು ಅದು ಗಣನೆಗೆ ತೆಗೆದುಕೊಳ್ಳುತ್ತದೆ. ಉಪ್ಪು ಬೆರೆಸಿದಾಗ ಸೂಚ್ಯಂಕ ಸ್ವಲ್ಪ ಇಳಿಯುತ್ತದೆ. ನೀರಿಗೆ ಸುಣ್ಣವನ್ನು ಕರಗಿಸುವ ಪ್ರವೃತ್ತಿ ಅಷ್ಟರಮಟ್ಟಿಗೆ ಹೆಚ್ಚುತ್ತದೆ. ಯಂತ್ರದಲ್ಲಿ ಕರೆ, ಗೋಡೆಯಲ್ಲಿ ಸವೆತ ಎಂಬ ಎರಡು ವಿರುದ್ಧ ದೋಷಗಳು ಒಂದೇ ಕೊಳದಲ್ಲಿ ಒಂದೇ ಕಾಲದಲ್ಲಿ ಕಾಣಿಸಿಕೊಳ್ಳಬಲ್ಲವೆಂಬುದು ವಿಚಿತ್ರವಾದರೂ ನಿಜ.

ಕಾಯಬೇಕಾದ ಅವಧಿಯನ್ನು ೨೮ ಅಥವಾ ೩೦ ದಿನವೆಂದು ಹೇಳುವುದು ವಾಡಿಕೆ. ಇಪ್ಪತ್ತೆಂಟನೆಯ ದಿನ ಸಿಮೆಂಟಿನಲ್ಲಿ ಯಾವ ವಿಶೇಷ ಘಟನೆಯೂ ಜರುಗುವುದಿಲ್ಲ. ಕಾಂಕ್ರೀಟಿನ ಬಲವನ್ನು ವಾರಗಳ ಲೆಕ್ಕದಲ್ಲಿ, ೭ನೆಯ ಮತ್ತು ೨೮ನೆಯ ದಿನಗಳಲ್ಲಿ ಪರೀಕ್ಷಿಸುವ ಪದ್ಧತಿಯಿಂದ ಬಂದ ಅಂಕಿಯದು. ಜಲಸಂಯೋಜನೆ ಮೊದಲ ದಿನಗಳಲ್ಲಿ ವೇಗವಾಗಿಯೂ ಆಮೇಲೆ ಮಂದವಾಗಿಯೂ ನಡೆದು ತಿಂಗಳುಗಟ್ಟಲೆ ಮುಂದುವರಿಯುತ್ತದೆ. ನಮ್ಮ ಅಭಿಪ್ರಾಯದಲ್ಲಿ ದಿನಗಳನ್ನು ಎಣಿಸುವುದರ ಜೊತೆಗೆ ನೀರನ್ನೂ ನೋಡಬೇಕು: ಆಮ್ಲ ಹಾಕಿದ ಮರುದಿನವೇ ಪಿ.ಎಚ್. ಮತ್ತೆ ಎಂಟನ್ನು ದಾಟುತ್ತಿದ್ದರೆ, ಉಜ್ಜಿದಾಗ ಬಿಳಿಯ ಹುಡಿ ಏಳುತ್ತಿದ್ದರೆ, ಮೂವತ್ತು ದಿನ ಕಳೆದಿದ್ದರೂ ಗೋಡೆ ಸಿದ್ಧವಾಗಿಲ್ಲವೆಂದೇ ತಿಳಿಯಬೇಕು. ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಕಾಣುವ ಹೆಂಚುಬಿಲ್ಲೆ ಹಾಸಿದ ಕೊಳಗಳಲ್ಲಿ ನೀರಿಗೆ ತೆರೆದಿರುವ ಸಿಮೆಂಟು ಸಂದುಗಳಲ್ಲಿ ಮಾತ್ರವಿರುತ್ತದೆ; ಅಲ್ಲಿ ಸುಣ್ಣದ ಉಪದ್ರವ ಕಡಿಮೆ, ಆದರೆ ಸಂದಿನ ಸಿಮೆಂಟಿಗೂ ಕಾಲ ಬೇಕು. ನಾರುಗಾಜಿನ ತೊಟ್ಟಿಗಾಗಲಿ ವೈನಿಲ್ ಹಾಳೆಯ ಕೊಳಕ್ಕಾಗಲಿ ಈ ನಿರ್ಬಂಧವಿಲ್ಲ.

ಈಗ ಮೊದಲ ತಿಂಗಳ ನೀರಿನ ವಿಷಯ. ಅಪಾಯವಿರುವುದು ಇಲ್ಲಿಯೇ. ಯಂತ್ರವನ್ನು ಕೂಡಿಸಿಯಾಗಿದೆ, ಕೊಳ ತುಂಬಿದೆ, ಮಕ್ಕಳು ಕಾದಿದ್ದಾರೆ. ಉಪ್ಪನ್ನು ಮಾತ್ರ ಹಾಕಿಲ್ಲ. ಉಪ್ಪಿಲ್ಲದೆ ಯಂತ್ರ ಕ್ಲೋರಿನ್ ಕೊಡಲಾರದು. ನೀರು ತಿಳಿಯಾಗಿರುವುದನ್ನೇ ನೆಚ್ಚಿ ಇಳಿದರೆ ಹೊಟ್ಟೆ, ಕಿವಿ, ಚರ್ಮಗಳ ರೋಗಗಳಿಗೆ ದಾರಿಯಾದೀತು. ಆದ್ದರಿಂದ ಮೊದಲ ಒಂದೆರಡು ದಿನ ಕಳೆದ ಬಳಿಕ, ದ್ರವರೂಪದ ಸೋಡಿಯಂ ಹೈಪೋಕ್ಲೋರೈಟಿನಿಂದ ಲೀಟರಿಗೆ ೧ರಿಂದ ೩ ಮಿಲಿಗ್ರಾಂ ಮುಕ್ತ ಕ್ಲೋರಿನ್ ಇರುವಂತೆ ದಿನವೂ ನೋಡಿಕೊಳ್ಳಬೇಕು. ಚೆಲುವೆಪುಡಿ, ಎಂದರೆ ಬ್ಲೀಚಿಂಗ್ ಪೌಡರ್, ನೀರಿಗೆ ಮತ್ತಷ್ಟು ಕ್ಯಾಲ್ಸಿಯಮ್ಮನ್ನು ಸೇರಿಸುವುದರಿಂದ ಈ ಅವಧಿಗೆ ಒಪ್ಪುವುದಿಲ್ಲ. ಆಮ್ಲಗುಣದ ಗುಳಿಗೆಗಳನ್ನು ಹಸಿಯ ಗಿಲಾವಿನ ಮೇಲೆ ಬೀಳಗೊಡಬಾರದು. ಪಿ.ಎಚ್. ಅನ್ನು ದಿನವೂ ಅಳೆದು, ಬೇಕಾದಷ್ಟು ಹೈಡ್ರೋಕ್ಲೋರಿಕ್ ಆಮ್ಲವನ್ನು ಮೊದಲೇ ಬಾನಿಯ ನೀರಿಗೆ ಸುರಿದು ತೆಳುಮಾಡಿ ಹಾಕಬೇಕು. ಆಮ್ಲಕ್ಕೆ ನೀರನ್ನು ಎಂದಿಗೂ ಸುರಿಯಕೂಡದು. ಪಿ.ಎಚ್.ನ ಈ ಜಾಗರೂಕತೆ ಗೋಡೆಗಾಗಿ ಮಾತ್ರವಲ್ಲ. ಬೇರೆ ವಸ್ತುಗಳ ಪ್ರಭಾವವಿಲ್ಲದ ನೀರಿನಲ್ಲಿ, ಪಿ.ಎಚ್. ೭.೨ ಇದ್ದಾಗ ಕ್ಲೋರಿನ್ನಿನ ಮೂರರಲ್ಲಿ ಎರಡು ಭಾಗ ಪರಿಣಾಮಕಾರಿಯಾದ ಹೈಪೋಕ್ಲೋರಸ್ ಆಮ್ಲದ ರೂಪದಲ್ಲಿರುತ್ತದೆ, ೮ಕ್ಕೆ ಏರಿದಾಗ ನಾಲ್ಕನೆಯ ಒಂದು ಭಾಗ, ೮.೫ರಲ್ಲಿ ಹತ್ತನೆಯ ಒಂದು ಭಾಗ. ಹೊಸ ಗೋಡೆ ಕೈಯಲ್ಲಿರುವ ಕ್ಲೋರಿನ್ನನ್ನು ಹೀಗೆ ನಿಶ್ಶಬ್ದವಾಗಿ ನಿರ್ವೀರ್ಯಗೊಳಿಸಬಲ್ಲದು. ದಿನಕ್ಕೆರಡು ಬಾರಿ ನೈಲಾನ್ ಕುಂಚದಿಂದ ಗೋಡೆಯನ್ನೂ ತಳವನ್ನೂ ಉಜ್ಜುವುದು ಬೇಸರದ ಕೆಲಸವಾದರೂ ಬಿಡುವಂತಿಲ್ಲ.

ತಿಂಗಳು ಕಳೆದ ಮೇಲೆ ಉಪ್ಪಿನ ಲೆಕ್ಕ. ನಮ್ಮ ಮಾದರಿಯ ಕೊಳಕ್ಕೆ ಲೀಟರಿಗೆ ೩.೨ ಗ್ರಾಂನಂತೆ ೨೪೦ ಕಿಲೋಗ್ರಾಂ, ಎಂದರೆ ೫೦ ಕಿಲೋಗ್ರಾಂನ ಐದು ಮೂಟೆಗಳಿಗೆ ತುಸು ಕಡಿಮೆ. ಆದರೆ ಈ ಲೆಕ್ಕ ನೀರಿನಲ್ಲಿ ಮೊದಲು ಉಪ್ಪೇ ಇಲ್ಲವೆಂದು ಭಾವಿಸುತ್ತದೆ. ಹೈಪೋಕ್ಲೋರೈಟಿನಿಂದ ಬಂದ ಪ್ರತಿ ಗ್ರಾಂ ಕ್ಲೋರಿನ್ನಿನ ಹಿಂದೆ ೧.೬೫ ಗ್ರಾಂನಷ್ಟು ಉಪ್ಪು ಉಳಿಯುತ್ತದೆ. ದಿನಕ್ಕೆ ೨೨೫ ಗ್ರಾಂನಂತೆ ಮೂವತ್ತು ದಿನಗಳಲ್ಲಿ ಸುಮಾರು ೧೧ ಕಿಲೋಗ್ರಾಂ ಹೀಗೆಯೇ ಸೇರಿರುತ್ತದೆ. ಹಾಕಿದ ಆಮ್ಲದ ಕ್ಲೋರೈಡು ಬೇರೆ. ಬಯಲುಸೀಮೆಯ ಕೊಳವೆಬಾವಿಯ ನೀರಾದರೆ ಅದರ ಸ್ವಂತ ಲವಣಗಳೂ ಉಂಟು. ಯಂತ್ರದ ಮಾಪಕ ಅಳೆಯುವುದು ಉಪ್ಪನ್ನಲ್ಲ, ನೀರಿನ ವಿದ್ಯುದ್ವಾಹಕತೆಯನ್ನು. ಎಲ್ಲ ಲವಣಗಳನ್ನೂ ಅದು ಉಪ್ಪೆಂದೇ ಎಣಿಸುತ್ತದೆ. ಆದಕಾರಣ ಮೊದಲು ನೀರನ್ನು ಅಳೆದು, ಕೊರತೆಯ ಮುಕ್ಕಾಲು ಪಾಲನ್ನು ಮಾತ್ರ ಹಾಕಿ, ಒಂದು ದಿನ ಬಿಟ್ಟು ಮತ್ತೆ ಅಳೆಯುವುದು ಲೇಸು. ಕೊರತೆಯನ್ನು ಇನ್ನೊಂದು ಮೂಟೆ ತುಂಬಬಲ್ಲದು. ಹೆಚ್ಚಾದುದನ್ನು ತೆಗೆಯುವ ಸುಲಭ ಮಾರ್ಗ ಯಾವುದೂ ಇಲ್ಲ: ೩.೨ ಇರಬೇಕಾದಲ್ಲಿ ೪ ಗ್ರಾಂ ಆದರೆ ಐದನೆಯ ಒಂದು ಭಾಗ ನೀರನ್ನು, ೧೫,೦೦೦ ಲೀಟರನ್ನು, ಚೆಲ್ಲಿ ಹೊಸ ನೀರು ತುಂಬಬೇಕಾಗುತ್ತದೆ.

ಯಾವ ಉಪ್ಪು ಎಂಬುದೂ ಮುಖ್ಯ. ಗೋಕರ್ಣದ ಬಳಿಯ ಸಾಣಿಕಟ್ಟಾದಂತಹ ಉಪ್ಪಿನಾಗರಗಳಲ್ಲಿ ಬಿಸಿಲಿಗೆ ಒಣಗಿಸಿದ ಹರಳುಪ್ಪು ಊಟಕ್ಕೆ ರುಚಿಯಾದರೂ ಶುದ್ಧಿಗೊಳಿಸದ ಹರಳುಪ್ಪಿನಲ್ಲಿ ಮೆಗ್ನೀಷಿಯಂ ಮತ್ತು ಕ್ಯಾಲ್ಸಿಯಂ ಲವಣಗಳು ಬೆರೆತಿರುತ್ತವೆ. ಮಳೆಗಾಲದಲ್ಲಿ ಮನೆಯ ಉಪ್ಪಿನ ಮರಿಗೆ ನೀರೊಡೆಯುವುದು ಈ ಮೆಗ್ನೀಷಿಯಂ ಕ್ಲೋರೈಡಿನಿಂದ. ಕೊಳದಲ್ಲಿ ಇವು ಧ್ರುವಗಳಿಗೆ ಕರೆಯ ಸಾಮಗ್ರಿಯಾಗುತ್ತವೆ. ಅಡುಗೆಗಾಗಿ ಮಾರುವ ಉಪ್ಪಿಗೆ ಅಯೋಡಿನ್ ಸೇರಿಸುವುದು ನಮ್ಮ ದೇಶದಲ್ಲಿ ೨೦೦೬ರಿಂದ ಕಡ್ಡಾಯವಾಗಿದೆ. ಗಳಗಂಡ ರೋಗದ ನಿವಾರಣೆಗೆ ಅದು ಅತ್ಯಾವಶ್ಯಕವಾದರೂ ಕೊಳಕ್ಕೆ ಬೇಡ. ಗಂಟು ಕಟ್ಟದಂತೆ ಬೆರೆಸುವ ಫೆರೋಸಯನೈಡು ನೀರಿನಲ್ಲಿ ಕಬ್ಬಿಣವಿದ್ದರೆ ನೀಲಿಯ ಕಲೆಯನ್ನು ಉಂಟುಮಾಡಬಹುದು. ಕೈಗಾರಿಕೆಗಳಿಗಾಗಿ ಶುದ್ಧಿಗೊಳಿಸಿದ, ಏನೂ ಬೆರೆಸದ ಉಪ್ಪೇ ತಕ್ಕದ್ದು.

ಬೆರೆಸುವ ದಿನ ಯಂತ್ರವನ್ನು ಆರಿಸಿ ಪಂಪನ್ನು ಮಾತ್ರ ನಡೆಸಬೇಕು. ಉಪ್ಪನ್ನು ಒಂದೆಡೆ ರಾಶಿ ಸುರಿಯದೆ ಆಳ ಕಡಿಮೆಯಿರುವ ಕಡೆ ಬೀಜ ಬಿತ್ತುವಂತೆ ಎರಚಿ, ತಳದಲ್ಲಿ ಉಳಿದುದನ್ನು ಕುಂಚದಿಂದ ಕದಡುತ್ತಿರಬೇಕು. ಕಸ ಹಿಡಿಯುವ ಬುಟ್ಟಿಯೊಳಗೆ ಸುರಿದರೆ ಗಾಢವಾದ ದ್ರಾವಣ ನೇರವಾಗಿ ಯಂತ್ರದೊಳಕ್ಕೆ ಹೋಗುತ್ತದೆ. ಪೂರ್ತಿ ಕರಗಿ ಇಪ್ಪತ್ತನಾಲ್ಕು ಗಂಟೆ ನೀರು ಸುತ್ತಿದ ಮೇಲೆಯೇ ವಿದ್ಯುತ್ತನ್ನು ಕೊಡತಕ್ಕದ್ದು. ಅಲ್ಲಿಯವರೆಗೆ ಹೈಪೋಕ್ಲೋರೈಟು ನಿಲ್ಲಬಾರದು.

ಒಮ್ಮೆ ಬೆರೆಸಿದ ಉಪ್ಪು ಯಂತ್ರದಲ್ಲಿ ವ್ಯಯವಾಗುವುದಿಲ್ಲ. ಕ್ಲೋರಿನ್ ತನ್ನ ಕೆಲಸ ಮುಗಿಸಿ ಮತ್ತೆ ಕ್ಲೋರೈಡಾಗುತ್ತದೆ. ಬಿಸಿಲಿಗೆ ಆವಿಯಾಗುವುದು ನೀರು ಮಾತ್ರ. ಉಪ್ಪು ಕಳೆಯುವುದು ನೀರು ಹೊರಗೆ ಹೋದಾಗ: ಈಜುವವರು ಎರಚಿದಾಗ, ಶೋಧಕವನ್ನು ತೊಳೆದಾಗ, ಕೊಳ ಸೋರಿದಾಗ, ಎಲ್ಲಕ್ಕಿಂತ ಹೆಚ್ಚಾಗಿ ಮಳೆಗಾಲದಲ್ಲಿ ಕೊಳ ತುಂಬಿ ಹರಿದಾಗ. ಹತ್ತನೆಯ ಒಂದು ಭಾಗ ನೀರು ಹೀಗೆ ಬದಲಾದರೆ ೨೪ ಕಿಲೋಗ್ರಾಂ ಉಪ್ಪನ್ನು ಪುನಃ ಹಾಕಬೇಕಾಗುತ್ತದೆ. ಮಳೆಯೂ ಇಲ್ಲದೆ, ಶೋಧಕವನ್ನೂ ತೊಳೆಯದೆ ಉಪ್ಪು ಪದೇ ಪದೇ ಇಳಿಯುತ್ತಿದ್ದರೆ ಮೂಟೆ ತರಿಸುವ ಮೊದಲು ಸೋರಿಕೆಯನ್ನು ಹುಡುಕುವುದು ಒಳ್ಳೆಯದು. ಹೊರಬಿಡುವ ನೀರಿನ ದಾರಿಯನ್ನೂ ಕೊಳ ಕಟ್ಟುವಾಗಲೇ ಯೋಚಿಸಬೇಕು. ಕುಡಿಯುವ ನೀರಿನಲ್ಲಿ ಕರಗಿದ ಲವಣಗಳು, ಬೇರೆ ನೀರೇ ಸಿಗದ ಪಕ್ಷದಲ್ಲಿಯೂ, ಲೀಟರಿಗೆ ೨,೦೦೦ ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ನಮ್ಮ ಕೊಳದ್ದು ೩,೨೦೦ಕ್ಕೂ ಮೇಲು. ಇದನ್ನು ತೋಟಕ್ಕೆ ಹರಿಸಿದರೆ ಸೋಡಿಯಂ ಮಣ್ಣಿನಲ್ಲಿ ನಿಂತು ಜಿಗುಟಾದ ನೆಲವನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಮಳೆನೀರು ಇಂಗಿಸುವ ಗುಂಡಿಗೆ ಬಿಟ್ಟರೆ ನೆರೆಯವರ ಬಾವಿಗೆ ಇಳಿಯುತ್ತದೆ.